ಬಾವಿ ಹಗ್ಗದ ವಿಚಾರ

ತೂಬಗೆರೆ
14-3-1946, ಗುರುವಾರ

ನಮ್ಮ ಯಜಮಾನರ ಪಾದಗಳಿಗೆ ಅಂಜಿನಮ್ಮ ಮಾಡುವ ನಮಸ್ಕಾರ.

ನಿಮ್ಮ ಬೆನ್ನು ನೋವು ಹೇಗಿದೆ? ಪುಣೆಯ ಮಿಲಿಟರಿ ಷೆಡ್ಡಿನಲ್ಲಿ ಲಾರಿ ಕೆಳಗೆ ಮಲಗಿ ಕೆಲಸ ಮಾಡೋರಿಗೆ ಅದು ತಪ್ಪಿದ್ದಲ್ಲ. ಹರಳೆಣ್ಣೆ ಬಿಸಿ ಮಾಡಿ ಯಾರ ಕೈಲಾದರೂ ತಿಕ್ಕಿಸಿಕೊಳ್ಳಿ, ನಾಚಿಕೆ ಪಡಬೇಡಿ. ಯುದ್ಧ ಮುಗಿದು ಏಳು ತಿಂಗಳಾದರೂ ನಿಮ್ಮನ್ನ ಯಾಕೆ ಬಿಟ್ಟಿಲ್ಲ ಅಂತ ಅತ್ತೆ ದಿನಾ ಕೇಳ್ತಾರೆ. ಅವರು ಆರೋಗ್ಯವಾಗಿದ್ದಾರೆ. ಕೆಂದ ಹಸು ಹೆಣ್ಣು ಕರು ಹಾಕಿದೆ. ನನಗೆ ಮಾತ್ರ ನಾಲ್ಕು ದಿನದಿಂದ ಮುದ್ದೆ ಗಂಟಲಲ್ಲಿ ಇಳೀತಿಲ್ಲ. ಯಾಕೆ ಅಂತ ಬರೀತೀನಿ. ಪೂರ್ತಿ ಓದಿ, ಆಮೇಲೆ ಕೋಪ ಮಾಡ್ಕೊಳ್ಳಿ.

ಸಂಜೀವಪ್ಪ ಮೇಷ್ಟ್ರು ಭಾನುವಾರ ಮಧ್ಯಾಹ್ನ ದೊಡ್ಡವರಿಗೆ ಅಕ್ಷರ ಹೇಳಿಕೊಡ್ತಾರಲ್ಲ, ನಾನು ಓದು ಬರಹ ಕಲಿತ ಕಡೆ, ಅಲ್ಲಿ ಈಗ ಪಾಠ ಮುಗಿದ ಮೇಲೆ ನಾಟಕ ಆಡಿಸ್ತಾರೆ. ಬಣ್ಣ ಇಲ್ಲ, ಕಿರೀಟ ಇಲ್ಲ, ಬರೆದ ಮಾತೂ ಇಲ್ಲ. ಊರಲ್ಲಿ ನಡೆಯೋದನ್ನೇ ಆಡಬೇಕು. ಅರ್ಧದಲ್ಲಿ ಮೇಷ್ಟ್ರು ಕೈ ತಟ್ಟಿ ನಿಲ್ಲಿಸಿ, ಈಗ ಏನು ಮಾಡಬೇಕು, ತೋಚಿದವರು ಬಂದು ಮಾಡಿ ತೋರಿಸಿ ಅಂತ ಕೂತವರನ್ನ ಕರೀತಾರೆ. ಮೊದಲ ವಾರ ಕುಡುಕ ಗಂಡನ ಆಟ. ನಕ್ಕೂ ನಕ್ಕೂ ಪಕ್ಕೆ ನೋವು ಬಂತು.

ಹೋದ ಭಾನುವಾರ ಬಾವಿ ಆಟ. ಕೇರಿಯವರು ಹಗ್ಗ ಮುಟ್ಟದೆ ದೂರ ನಿಂತು, ನಮ್ಮೋರು ಸೇದಿ ಹುಯ್ಯೋ ತನಕ ಕಾಯ್ತಾರಲ್ಲ, ಅದು. ಮೇಷ್ಟ್ರು ವೇಷ ಅದಲುಬದಲು ಮಾಡಿಬಿಟ್ಟರು. ಕೇರಿಯಿಂದ ನಮ್ಮ ರಾಗಿ ಕೊಯ್ಲಿಗೆ ಬರೋ ಮುತ್ತಮ್ಮನ ಕೈಗೆ ಹಗ್ಗ, ನನ್ನ ಕೈಗೆ ಖಾಲಿ ಕೊಡ. ನೀರು ಹುಯ್ಯವ್ವಾ ಅಂತ ಕೇಳಿದೆ. ಅವಳು ತಿರುಗಿ ನೋಡಲಿಲ್ಲ. ಇಲ್ಲದ ನೀರು ಸೇದ್ತಾ, ಇಲ್ಲದ ಬಟ್ಟೆ ಒಗೀತಾ ಇದ್ದಳು. ಮತ್ತೆ ಕೇಳಿದೆ. "ಇರು, ಎಮ್ಮೆ ಕುಡೀಲಿ" ಅಂದಳು. ಆ ಮಾತು ನನ್ನದೇ. ಹೋದ ಬೇಸಿಗೆಯಲ್ಲಿ ನಾನೇ ಅವಳಿಗೆ ಅಂದಿದ್ದೆ. ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಬಿಸಿಲಿಗೆ ಕಾಲು ಸುಡ್ತಿತ್ತು. ಆಟ ಅಂತ ಗೊತ್ತಿದ್ದೂ ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ಕೈ ತಟ್ಟಿದರು. ಯಾರೂ ಏಳಲಿಲ್ಲ. ಆಮೇಲೆ, ಆಟ ನೋಡೋಕೆ ನನ್ನ ಜೊತೆ ಬಂದಿದ್ದ ಅತ್ತೆ ಸೊಂಟ ಹಿಡ್ಕೊಂಡು ಎದ್ದು ಬಂದರು. ಮುತ್ತಮ್ಮನ ಕೈಯಿಂದ ಹಗ್ಗ ಇಸ್ಕೊಂಡು ನನಗೆ ಕೊಟ್ಟು, ಸೇದ್ಕೊಳ್ಳವ್ವಾ, ಬಾವಿ ಏನು ಸವೆಯಲ್ಲ ಅಂದರು. ಆಗ ಮುತ್ತಮ್ಮ ಮೆಲ್ಲಗೆ ಕೇಳಿದಳು, "ಅಮ್ಮಾವ್ರೇ, ಈ ಮಾತು ಆಟಕ್ಕಾ, ನಿಜಕ್ಕಾ?" ಅತ್ತೆ ನನ್ನ ಕೈ ಹಿಡ್ಕೊಂಡು ಮನೆ ಕಡೆ ಹೊರಟುಬಿಟ್ಟರು.

ಸೋಮವಾರ ಬೆಳಿಗ್ಗೆ ಮುತ್ತಮ್ಮ ಕೊಡ ತಂದು ನಮ್ಮ ಬಾವಿ ಹತ್ತಿರ ಎಂದಿನ ಜಾಗದಲ್ಲೇ ನಿಂತಳು. ಅತ್ತೆ ನನ್ನ ಕಡೆ ನೋಡಿ, ಕೊಡು ಅಂದರು. ಹಗ್ಗ ಕೊಟ್ಟೆ. ಅವತ್ತಿಂದ ದಿನಾ ಬಂದು ತಾನೇ ಸೇದ್ಕೊಂಡು ಹೋಗ್ತಿದ್ದಾಳೆ.

ನಿನ್ನೆ ನಿಮ್ಮ ಚಿಕ್ಕಪ್ಪ ವೆಂಕಟರಾಯಪ್ಪನವರು ಬಂದು, ಬಾವಿ ತೋಡಿದ ಗಂಡಸು ಊರಲ್ಲಿಲ್ಲದಾಗ ಹೆಂಗಸರು ಕುಲ ಕೆಡಿಸಿದಿರಿ ಅಂತ ಕೂಗಾಡಿದರು. ಮುಂದಿನ ಶುಕ್ರವಾರ, 22ನೇ ತಾರೀಕು, ಪಂಚಾಯ್ತಿ ಸೇರಿಸ್ತಾರಂತೆ. ನಮಗೆ ಬೆಂಕಿ ನೀರು ಇಲ್ಲ ಅಂತ ಬಹಿಷ್ಕಾರ ಹಾಕ್ತಾರೋ, ಮೇಷ್ಟ್ರನ್ನ ಬೇರೆ ಊರಿಗೆ ಹಾಕಿಸ್ತಾರೋ ಗೊತ್ತಿಲ್ಲ. ಮುತ್ತಮ್ಮನ ಗಂಡನನ್ನ ಆಗಲೇ ಎರಡು ಮನೆಯವರು ಕೂಲಿಗೆ ಬರಬೇಡ ಅಂದಿದ್ದಾರೆ. ನನಗೆ ಆ ಯೋಚನೆಯೇ ಹೆಚ್ಚು.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ ನಿಮ್ಮ
ಅಂಜಿನಮ್ಮ

ಮೇಲೆ ಒಂದು ಮಾತು ಬರೀಲಿಲ್ಲ, ಮರೆತು ಬಿಟ್ಟದ್ದಲ್ಲ, ಭಯಕ್ಕೆ ಬಿಟ್ಟದ್ದು: ಇದಕ್ಕೆ ಅವನ ಒಪ್ಪಿಗೆ ಇದೆಯಾ ಅಂತ ಚಿಕ್ಕಪ್ಪ ಕೇಳಿದಾಗ ನಿಮ್ಮ ಹಳೇ ಕಾಗದ ತಂದು ಓದಿದೆ. ಯಾರು ಕೇಳಿದರೂ ಹಗ್ಗ ಕೊಡಿ ಅಂತ ಬರೆದಿದ್ದಾರೆ ಅಂದೆ. ನೀವು ಹಾಗೆ ಬರೆದಿರಲಿಲ್ಲ. ಚಿಕ್ಕಪ್ಪನಿಗೆ ಓದೋಕೆ ಬರಲ್ಲ, ಕಾಗದ ಕಿತ್ಕೊಂಡು ಹೋದರು, ಪಂಚಾಯ್ತಿಯಲ್ಲಿ ಶ್ಯಾನುಭೋಗರ ಕೈಲಿ ಓದಿಸ್ತಾರಂತೆ. ಟಪಾಲಿನವರು ಬಾಗಿಲಲ್ಲಿ ಕಾಯ್ತಿದ್ದಾರೆ. ಒಪ್ಪಿಗೆಯಾದರೆ ಶುಕ್ರವಾರದ ಒಳಗೆ ತಂತಿ ಕೊಡಿ. ಇಲ್ಲದಿದ್ದರೆ ಅದನ್ನೂ ತಿಳಿಸಿ, ಈ ಸಲ ಇದ್ದದ್ದನ್ನ ಇದ್ದ ಹಾಗೇ ಓದ್ತೀನಿ. ಆದರೆ ಮುತ್ತಮ್ಮನ ಕೈಯಿಂದ ಹಗ್ಗ ವಾಪಸ್ ಇಸ್ಕೊಳ್ಳೋಕೆ ನನ್ನಿಂದ ಆಗಲ್ಲ. ಅದಕ್ಕೆ ನೀವೇ ಬರಬೇಕು.