ಸೇನೆಯ ಹಾಡಿಗೆ ನಿಮ್ಮಪ್ಪ ಏಳಲಿಲ್ಲ

ಎಲ್ಮ್‌ಫರ್ಡ್, ಅಯೋವಾ
೬ ಜುಲೈ ೧೯೭೭

ಪ್ರೀತಿಯ ಕರ್ಟಿಸ್,

ಬಯ್ಯಬೇಡ. ನಿನ್ನ ಕಾಗದ ಬಂದು ತಿಂಗಳಾಯಿತು, ಅಮ್ಮನಿಗೆ ಏನಾಯಿತೋ ಎಂದುಕೊಂಡಿರುತ್ತೀಯ. ಏನೂ ಆಗಿಲ್ಲ, ಸೊಂಟ ಹಿಡಿದುಕೊಂಡಿದೆ ಅಷ್ಟೇ. ಬರೆಯದೆ ಇದ್ದದ್ದಕ್ಕೆ ಕಾರಣ ಬೇರೆ. ನೀನು ಕೇಳಿದ್ದು ಒಂದೇ ಪ್ರಶ್ನೆ: ವಿಯೆಟ್ನಾಮ್ ಯುದ್ಧಕ್ಕೆ ಹೋಗದೆ ಕೆನಡಾಗೆ ಬಂದವರಿಗೆಲ್ಲ ಅಧ್ಯಕ್ಷರು ಕ್ಷಮಾದಾನ ಕೊಟ್ಟಾಯಿತು, ಗಡಿಯಲ್ಲಿ ಇನ್ನು ಯಾರೂ ಹಿಡಿಯುವುದಿಲ್ಲ, ಆಗಸ್ಟಿನಲ್ಲಿ ಮನೆಗೆ ಬರಲೇ, ಅಪ್ಪ ಏನನ್ನುತ್ತಾರೆ ಎಂದು. ಅಪ್ಪ ಏನನ್ನುತ್ತಾರೆ ಎಂದು ನನಗೇ ಗೊತ್ತಾಗದೆ ಏನು ಬರೆಯಲಿ? ಕಾಗದವನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟೆ. ಓದಿದರು, ಮಡಿಸಿದರು, ಯಾರದೋ ಟ್ರ್ಯಾಕ್ಟರ್ ರಿಪೇರಿಗೆ ಕಾಯುತ್ತಿದೆ ಎಂದು ಎದ್ದುಹೋದರು.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೆ ಪಾರ್ಕಿನಲ್ಲಿ ಕೇಳಿಬಿಡೋಣ ಎಂದು ನಾನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಹೊಟ್ಟೆ ತುಂಬಿರುತ್ತದೆ, ಸುತ್ತ ಊರೆಲ್ಲ ಇರುತ್ತದೆ, ಕೂಗಾಡಲು ಆಗುವುದಿಲ್ಲ. ನನ್ನ ಬುದ್ಧಿವಂತಿಕೆ ನೋಡು.

ಎಂದಿನಂತೆ ನಿಮ್ಮಪ್ಪ ಹಿಂದಿನ ಸಂಜೆಯೇ ಬ್ಯಾಂಡ್ ಕಟ್ಟೆಯ ಎದುರು ಕುರ್ಚಿ ಇಟ್ಟು ಜಾಗ ಹಿಡಿದು ಬಂದರು. ಮಾರನೆಯ ದಿನ ನಾನು ಸೇಬಿನ ಪೈ ಹಿಡಿದುಕೊಂಡು ಹೋಗಿ ನೋಡಿದರೆ ಅಲ್ಲಿ ಮೂರು ಕುರ್ಚಿ. ಮನೆಯಲ್ಲಿರುವವರು ಇಬ್ಬರು. ನನಗೆ ಎಷ್ಟು ಸಂತೋಷವಾಯಿತೆಂದರೆ ಪೈ ಕೆಳಗೆ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಪಾದ್ರಿಯ ಹೆಂಡತಿ ಕೂರಲು ಜಾಗ ಹುಡುಕುತ್ತ ಬಂದರು. ತಗೊಳ್ಳಿ, ಯಾರೂ ಬರೋರಿಲ್ಲ ಎಂದು ನಿಮ್ಮಪ್ಪನೇ ಮೂರನೆಯದನ್ನು ಎತ್ತಿ ಕೊಟ್ಟುಬಿಟ್ಟರು. ಈಗ ಹೇಳು, ಆ ಕುರ್ಚಿಗೆ ಏನು ಅರ್ಥ?

ಉಳಿದದ್ದೆಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಮಕ್ಕಳ ಸೈಕಲ್ಲಿನ ಮೆರವಣಿಗೆ ಈ ಸಲವೂ ದಾರಿ ತಪ್ಪಿ ಹೂವಿನ ಪಾತಿಗೆ ನುಗ್ಗಿತು. ಪಕ್ಕದ ಮನೆಯ ವಿಲ್ಮಾ ಆಲೂಗಡ್ಡೆ ಸಲಾಡಿಗೆ ಈ ವರ್ಷವೂ ಕಣ್ಣಲ್ಲಿ ನೀರು ಬರುವಷ್ಟು ಸಾಸಿವೆ ಸುರಿದಿದ್ದಳು, ನಾವು ಈ ವರ್ಷವೂ ಹೊಗಳಿದೆವು. ವರ್ಜಿಲ್ ನಮ್ಮ ಪಕ್ಕದಲ್ಲೇ ಕೂತಿದ್ದ. ಅವನೂ ನಿಮ್ಮಪ್ಪನೂ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಚಳಿಯಲ್ಲಿ ಒಂದೇ ಗುಂಡಿಯಲ್ಲಿ ಮಲಗಿ ಬದುಕಿ ಬಂದವರು, ನಿನಗೆ ಗೊತ್ತಲ್ಲ. ಅವನ ಮಗ ಗ್ಲೆನ್, ನಿನ್ನ ತರಗತಿಯವನು, ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದ ಮೇಲೆ ವರ್ಜಿಲ್ ನಿನ್ನ ಸುದ್ದಿ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಹವಾಮಾನದ ಬಗ್ಗೆ ಮಾತಾಡುತ್ತೇವೆ.

ಕೊನೆಗೆ ಬ್ಯಾಂಡಿನವರು ಸೇನೆಯ ಹಾಡುಗಳನ್ನು ಎತ್ತಿಕೊಂಡರು, ಯಾವ ಪಡೆಯ ಹಾಡೋ ಆ ಪಡೆಯಲ್ಲಿದ್ದವರು ಏಳಬೇಕು. ನೌಕಾಪಡೆಯದು ಬಂದಾಗ ಔಷಧಿ ಅಂಗಡಿಯವನು ಎದ್ದು ನಿಂತ, ಚಪ್ಪಾಳೆ. ವಾಯುಪಡೆಗೆ ಇಬ್ಬರು, ಚಪ್ಪಾಳೆ. ಆಮೇಲೆ ಭೂಸೇನೆಯದು. ಸುತ್ತಲೂ ಕುರ್ಚಿಗಳು ಕಿರುಗುಟ್ಟಿದವು, ಟೋಪಿಗಳು ಎದೆಗೆ ಬಂದವು. ಯುದ್ಧದಿಂದ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದೆ, ಡ್ರಮ್ಮಿನ ಮೊದಲ ಪೆಟ್ಟಿಗೇ ಎದ್ದು ನಿಲ್ಲುತ್ತಿದ್ದ ನಿಮ್ಮಪ್ಪ ಏಳಲಿಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ನೇರ ಮುಂದೆ ನೋಡುತ್ತ ಕೂತರು.

ವರ್ಜಿಲ್ ಅವರ ಹೆಗಲು ತಟ್ಟಿದ. "ಏಳೋ ಡೆಲ್ಮರ್, ನಮ್ದು."

"ಗೊತ್ತು."

"ಗೊತ್ತಿದ್ರೆ ಏಳು ಮತ್ತೆ."

"ನೀನು ನಿಂತ್ಕೋ ವರ್ಜಿಲ್."

ನಾನು ಪಕ್ಕದಿಂದ ಚಿವುಟಿದೆ. ಕಲ್ಲಿಗೆ ಚಿವುಟಿದ ಹಾಗಾಯಿತು. ಕಿವಿ ಮಾತ್ರ ಕೆಂಪಗಾಗಿತ್ತು. ಹಾಡು ಮುಗಿದದ್ದೇ ವರ್ಜಿಲ್ ತನ್ನ ಕುರ್ಚಿ ಮಡಚಿಕೊಂಡು ಮುಂದಿನ ಸಾಲಿಗೆ ಹೋಗಿ ಕೂತ. ಬಯ್ದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕೇಳಿದವರಿಗೆಲ್ಲ ಮಂಡಿ ನೋವು ಎಂದರು. ನಾನೂ ತಲೆಯಾಡಿಸಿದೆ. ಆದರೆ ಸ್ವಲ್ಪ ಹೊತ್ತಿಗೇ ಹಗ್ಗ ಜಗ್ಗಾಟದಲ್ಲಿ ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿಕೊಂಡು ಎದುರು ಚರ್ಚಿನವರನ್ನೆಲ್ಲ ಕೆಸರಿಗೆ ಎಳೆದು ಹಾಕಿದ್ದೂ ಇವರೇ. ಯಾವ ಹಾಡಿಗೆ ನೋಯಬೇಕು ಅಂತ ಕೆಲವರ ಮಂಡಿಗೆ ಚೆನ್ನಾಗಿ ಗೊತ್ತು ಎಂದು ವಿಲ್ಮಾ ನನಗೆ ಕೇಳಿಸುವ ಹಾಗೇ ಅಂದಳು. ಅವಳ ಸಾಸಿವೆಯ ಬಗ್ಗೆ ನಿಜ ಹೇಳಿಬಿಡಬೇಕು ಅನ್ನಿಸಿತು, ನುಂಗಿಕೊಂಡೆ.

ಎರಡು ದಿನದಿಂದ ಇದೇ ಯೋಚನೆ, ತಲೆ ಕೆಟ್ಟುಹೋಗಿದೆ. ನಿನ್ನಿಂದಾಗಿ ವರ್ಜಿಲ್ ಪಕ್ಕ ನಿಲ್ಲಲು ನಾಚಿಕೆಯೇ? ಅಥವಾ ಇಷ್ಟು ಕಾಲದ ಮೇಲೆ ಸೇನೆಯ ಮೇಲೆ ಸಿಟ್ಟೇ? ಒಂದು ಗಳಿಗೆ ನಿನ್ನ ಕಡೆಯವರಂತೆ ಕಾಣುತ್ತಾರೆ, ಮರುಗಳಿಗೆ ಇಲ್ಲ. ಪೈ ತಿನ್ನುವಾಗ ಧೈರ್ಯ ಮಾಡಿ, ಆಗಸ್ಟ್ ವಿಷಯ ಏನು ಎಂದು ಕೇಳಿಯೇ ಕೇಳಿದೆ. ಆಗಸ್ಟಲ್ಲಿ ಸೆಕೆ ಜಾಸ್ತಿ ಎಂದರು. ಅದು ಬೇಡ ಎಂದೋ, ಬರುವಾಗ ತೆಳು ಅಂಗಿ ತರಲಿ ಎಂದೋ, ನೀನೇ ಹೇಳು. ಮೂವತ್ತು ವರ್ಷ ಒಟ್ಟಿಗೆ ಬಾಳಿದ ಗಂಡಸು ನನಗೆ ಅರ್ಥವಾಗಲಿಲ್ಲ, ಕರ್ಟಿಸ್. ಅದಕ್ಕೆ ಅಳು ಬರುತ್ತದೆ.

ಹಾಗಾಗಿ ಇದು ಉತ್ತರವಿಲ್ಲದ ಕಾಗದ. ನಿನ್ನನ್ನು ನೋಡಬೇಕು ಅನ್ನುವ ನನ್ನ ಆಸೆ ಮಾತ್ರ ಗೊಂದಲವಿಲ್ಲದೆ ಹಾಗೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿ ನಿನ್ನನ್ನು ಆದರಿಸುವವರ ಮನೆ ತಣ್ಣಗಿರಲಿ, ದೇವರು ನಿನ್ನ ಮೇಲೆ ಒಂದು ಕಣ್ಣಿಟ್ಟಿರಲಿ.

ನಿನ್ನ ಅಮ್ಮ,
ಆರ್ಡಿಸ್

ಮರೆತದ್ದು: ಮರೆತದ್ದಲ್ಲ, ಈಗಷ್ಟೇ ಆದದ್ದು. ಲಕೋಟೆ ಅಂಟಿಸುತ್ತಿದ್ದಾಗ ನಿಮ್ಮಪ್ಪ ಅಡುಗೆಮನೆಗೆ ಬಂದರು. ನಾನು ಯಾಕೆ ಏಳಲಿಲ್ಲ ಅಂತ ಬರೆದ್ಯಾ ಎಂದು ಕೇಳಿದರು. ಗೊತ್ತಿದ್ದರೆ ತಾನೇ ಬರೆಯೋದು ಎಂದೆ. ತೊಳೆದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತ ನಿಂತರು. ಆಮೇಲೆ ಹೇಳಿದರು: "ಊರ ಗಂಡಸರೆಲ್ಲ ಎದ್ದು ನಿಂತಾಗ ಒಬ್ಬನೇ ಕೂತಿರೋದು ಹೇಗಿರತ್ತೆ ಅಂತ ನೋಡ್ದೆ. ಅವನು ಬಂದ್ರೆ ಹಾಗೇ ತಾನೇ ಕೂತಿರಬೇಕು, ಪ್ರತಿ ವರ್ಷ. ನನಗೆ ಒಂದು ಹಾಡು ಮುಗಿಯೋಷ್ಟರಲ್ಲಿ ಜೀವ ಹೋಯ್ತು, ಆರ್ಡಿಸ್. ಕರ್ಟಿಸ್‌ಗೆ ಬರಬೇಡ ಅಂತ ಬರಿ."

ನೀನು ಹೋದ ಈ ಏಳು ವರ್ಷದಲ್ಲಿ ಇವತ್ತೇ ಮೊದಲು ನಿನ್ನ ಹೆಸರು ಅವರ ಬಾಯಲ್ಲಿ ಬಂದದ್ದು, ಅದೂ ಬರಬೇಡ ಅನ್ನುವುದಕ್ಕೆ. ಬರಿ ಅಂದರು, ಬರೆದಿದ್ದೇನೆ.