ಅವ್ವನ ಹುಟ್ಟಿದ ತಾರೀಖು

ಕೊರ್ಲಹಳ್ಳಿ

ಪರಶುರಾಮಣ್ಣನಿಗೆ,

ಅವ್ವನ ಕಣ್ಣಿನ ಆಪರೇಶನ್ ನಿಲ್ಲಿಸಲು ನೀನು ಯಾರು? ಮೊಬೈಲಿನಲ್ಲಿ ಆಯಸ್ಸು ಹೇಳುವ ಪರೀಕ್ಷೆಯ ಇಪ್ಪತ್ತು ಪ್ರಶ್ನೆಗೆ ಉತ್ತರ ಒತ್ತಿ, "ಇನ್ನ ನಾಕ ವರ್ಷ ಐತಿ, ಕಣ್ಣ ತಗೊಂಡ ಏನ ಮಾಡ್ತಿ?" ಎಂದು ಅವಳ ಮುಖಕ್ಕೇ ಅಂದೆಯಂತೆ!

ಅವ್ವ ನಕ್ಕಳು: "ಸಾಯೂ ವರ್ಷ ಹೇಳೂ ಫೋನಿಗೆ ನಾ ಹುಟ್ಟಿದ್ದ ಯಾವಾಗಂತ ಕೇಳಂತ ಹೇಳ ಅವಂಗ. ಮಾಸ್ತರ ವರ್ಷ ಅಂದಾಜಿಲೆ ಹಾಕಿ, ಇಡೀ ಶಾಲಿಗೇ ಜೂನ್ ಒಂದಂತ ಬರದಿದ್ದ."

ಆ ಸುಳ್ಳು ತಾರೀಖನ್ನೇ ತುಂಬಿ ನೀನು ಅವಳ ಸಾವು ಅಳೆದೆ. ಜೋಳದೊಳಗಿನ ಕಲ್ಲನ್ನು ಅವಳೀಗ ಬೆರಳಿನಿಂದ ತಡವಿ ಹುಡುಕುತ್ತಾಳೆ. ಅದನ್ನು ನಿನ್ನ ಫೋನು ಕೇಳಿತೇ?

ಅವಳ ಆಸ್ಪತ್ರೆ ಕಾರ್ಡು ನಿನ್ನಲ್ಲಿದೆ. ಮಂಗಳವಾರದೊಳಗೆ ಮುಂಡರಗಿ ಬಸ್ಸಿಗೆ ಕೊಟ್ಟು ಕಳಿಸು. ಆಪರೇಶನ್ನಿಗೆ ಗದಗಿಗೆ ನಾನೇ ಕರೆದೊಯ್ಯುತ್ತೇನೆ. ನಾಲ್ಕೇ ವರ್ಷ ಎಂಬುದು ಖರೆಯೇ ಇರಲಿ, ಆ ನಾಲ್ಕು ವರ್ಷ ಅವಳು ಕತ್ತಲಲ್ಲಿ ಯಾಕೆ ಕೂರಬೇಕು?

ನಿನ್ನ ತಂಗಿ,
ಸಪ್ನಾ