ಮುತ್ತಜ್ಜಿಯ ಓಲೆಯ ತಿರುಪು

ಮುಂಡರಗಿ,
ಫೆಬ್ರವರಿ 30, 2191

ಪೂಜ್ಯ ನೀಲಾಂಬಿಕೆಯವರಿಗೆ ಶಾಲ್ಮಲಾ ಪತ್ತಾರಳ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಹಿಂದಿನ ಕಾಲಕ್ಕೆ ಕಳಿಸುತ್ತಿರುವ ಈ ಪತ್ರ ಕೈಸೇರುವಾಗ ನೀವಿನ್ನೂ ಹದಿನಾರರ ಹುಡುಗಿ ಎಂದು ಗೊತ್ತಿದ್ದರೂ ನನಗೆ ಏಕವಚನ ಬರುತ್ತಿಲ್ಲ.

ನಮ್ಮೂರಲ್ಲೀಗ 'ಹತ್ತಿಸಾಕ್ಷಿ' ಎಂಬ ಪದ್ಧತಿಯಿದೆ. ಓಲೆ, ಕಾಲುಂಗುರ, ಕನ್ನಡಕದ ಕಡ್ಡಿ, ಬೆಲ್ಟಿನ ಬಕಲ್, ಏನೇ ಇರಲಿ, ಮೈಗೆ ತಾಗುವ ಮೊದಲು ಅದನ್ನು ಮಾಡಿದವರೇ ಎಲ್ಲರೆದುರು ಮದ್ದು ಹಚ್ಚಿದ ಹತ್ತಿಯಿಂದ ಉಜ್ಜಬೇಕು. ಹತ್ತಿ ಗುಲಾಬಿಗೆ ತಿರುಗಿದರೆ ನಿಕಲ್ ಬಿಡುತ್ತಿದೆ ಎಂದರ್ಥ. ನಿಕಲ್ ಮೇಲೆ ಚರ್ಮ ಒಮ್ಮೆ ಮುನಿಸಿಕೊಂಡರೆ ಜೀವಮಾನವಿಡೀ ರಾಜಿಯಾಗುವುದಿಲ್ಲ. ಅದಕ್ಕೇ ನಾವು ಲೋಹವನ್ನು ಕಟಕಟೆಗೆ ನಿಲ್ಲಿಸುತ್ತೇವೆ, ಮೈಯನ್ನಲ್ಲ. ನಮ್ಮೂರಿನ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದೇಕೆ?

ಮೊನ್ನೆ ನನ್ನ ಮಗಳು ಸುರಗಿಗೆ ಕಿವಿ ಚುಚ್ಚುವ ಶಾಸ್ತ್ರ. ಓಲೆ ಮಾಡಿದವನು ಅವಳ ಸೋದರಮಾವ, ನನ್ನ ತಮ್ಮ ಮೌನೇಶ. ಅವನ ಕೆಲಸದಲ್ಲಿ ಹುಳುಕು ಹುಡುಕಲು ಹೋದವರೆಲ್ಲ ಮುಖ ಸಣ್ಣದು ಮಾಡಿಕೊಂಡು ಬಂದಿದ್ದಾರೆ. ಓಲೆ ಹೊಸದು, ಆದರೆ ಹಿಂದಿನ ತಿರುಪು ನಿಮ್ಮ ಹಳೆಯ ಜೋಡಿಯದು. ಮಗುವಿನ ಕಿವಿಯಲ್ಲಿ ನಿಮ್ಮದೊಂದು ಚೂರು ಇರಲಿ ಎಂಬ ಆಸೆ ಅವನಿಗೆ. ಮುತ್ತಜ್ಜಿಯದಲ್ಲವೇ ಎಂದು ಮೊದಲೇ ಪರೀಕ್ಷಿಸಿಯೂ ಇರಲಿಲ್ಲ. ಓಲೆ ಹಾಕಿದಲ್ಲಿ ನಿಮ್ಮ ಕಿವಿ ಹುಣ್ಣಾಗಿ ಸದಾ ಸೋರುತ್ತಿತ್ತು, ನಿಮ್ಮದು ಚಿನ್ನ ಆಗಿಬರದ ಕೆಟ್ಟ ಮೈ ಎಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ.

ಮೌನೇಶ ಮೊದಲು ಓಲೆಯ ಮುಂಭಾಗ ಉಜ್ಜಿದ. ಹತ್ತಿ ಬೆಳ್ಳಗೇ ಇತ್ತು. ಜನ ಊಟದ ಪಂಕ್ತಿಯ ಕಡೆ ನೋಡತೊಡಗಿದರು. ಆಮೇಲೆ ತಿರುಪು ಉಜ್ಜಿದ. ಹತ್ತಿಯ ತುದಿಗೆ ಹತ್ತಿದ ಬಣ್ಣ ಅವನ ಕಣ್ಣಿಗೆ ಬಿಟ್ಟರೆ ಯಾರಿಗೂ ಕಾಣುವಂತಿರಲಿಲ್ಲ. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು. ಅವನು ಹತ್ತಿಯನ್ನು ಎತ್ತಿ ಹಿಡಿದು, "ಗುಲಾಬಿ ಆಗೇತಿ. ನನ್ನ ಸೊಸಿ ಕಿವಿಗೆ ಇದನ್ನ ಹಾಕಂಗಿಲ್ಲ" ಎಂದ.

"ಮುತ್ತಜ್ಜಿ ಬಂಗಾರಪಾ ಅದು" ಎಂದು ದೊಡ್ಡವ್ವ ರಾಗ ಎಳೆದರು.

"ಬಂಗಾರ ಮ್ಯಾಲಷ್ಟ ಐತಿ, ದೊಡ್ಡವ್ವ. ಒಳಗಿಂದು ಬ್ಯಾರೇನ."

ಶಾಸ್ತ್ರ ಮುಂದಕ್ಕೆ ಹೋಯಿತು, ಊಟ ಮಾತ್ರ ಹೋಗಲಿಲ್ಲ. ತಮ್ಮನ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಅಜ್ಜಿ, ಕೆಟ್ಟದ್ದು ನಿಮ್ಮ ಮೈಯಲ್ಲ. ಇಷ್ಟು ಹೇಳಲೆಂದೇ ಬರೆದೆ. ಮನೆಯವರೆಲ್ಲ ಓಲೆಯನ್ನು ನಂಬಿದರು, ನಿಮ್ಮನ್ನು ನಂಬಲಿಲ್ಲ. ಅದನ್ನು ತೆಗೆದಿಡಿ, ಕಿವಿ ಮಾಯಲಿ. ಮದುವೆಮನೆಗಳಿಗೆ ಬರಿಗಿವಿಯಲ್ಲೇ ತಲೆಯೆತ್ತಿ ಹೋಗಿ. ಯಾಕೆ ಹಾಕಿಲ್ಲ ಎಂದು ಯಾರಾದರೂ ಕೇಳಿದರೆ, ನನ್ನ ಮೊಮ್ಮಕ್ಕಳು ಬೇಡ ಅಂದಿದ್ದಾರೆ ಎನ್ನಿ.

ನಿಮ್ಮವಳು,
ಶಾಲ್ಮಲಾ